ಮಗುವಿಗೆ ಮಾತು ತಡವಾಗಿದೆ; ಹೆತ್ತವರಿಗೆ ಹೇಳುವುದು ಹೇಗೆ?

ಈ ಅಂಕಣಕ್ಕೆ ಸಾಮಾನ್ಯವಾಗಿ ಅಪ್ಪ ಅಮ್ಮಂದಿರೇ ಬರೆಯುತ್ತಾರೆ. ಈ ಸಲ ಆರಿಸಿಕೊಂಡ ಮೂರು ಪತ್ರಗಳನ್ನು ಬರೆದವರು ಮಗುವಿನ ಹೆತ್ತವರಲ್ಲ. ಒಬ್ಬರು ಶಿಕ್ಷಕಿ, ಒಬ್ಬರು ಸೋದರಮಾವ, ಇನ್ನೊಬ್ಬರು ಪಕ್ಕದ ಮನೆಯವರು. ಮೂವರೂ ಒಂದೇ ಇಕ್ಕಟ್ಟಿನಲ್ಲಿದ್ದಾರೆ: ಮಗುವಿನ ಮಾತು ತಡವಾಗುತ್ತಿರುವುದು ಅವರ ಕಣ್ಣಿಗೆ ಬಿದ್ದಿದೆ, ಆದರೆ ಹೆತ್ತವರ ಮನಸ್ಸು ನೋಯದಂತೆ ಅದನ್ನು ಹೇಳುವುದು ಹೇಗೆಂದು ತೋಚುತ್ತಿಲ್ಲ. ವಾಕ್ ಚಿಕಿತ್ಸೆಗೆ ಬರುವ ಎಷ್ಟೋ ಮಕ್ಕಳನ್ನು ಮೊದಲು ಗುರುತಿಸಿದವರು ಇಂಥ ಹತ್ತಿರದವರೇ ಆದ್ದರಿಂದ, ಈ ಪತ್ರಗಳಿಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಬಸವೇಶ್ವರನಗರದ ಒಂದು ಪ್ಲೇ ಹೋಮ್‌ನಲ್ಲಿ ಶಿಕ್ಷಕಿ. ನನ್ನ ತರಗತಿಯಲ್ಲಿ ಎರಡು ವರ್ಷ ಎಂಟು ತಿಂಗಳಿನ ಹುಡುಗನಿದ್ದಾನೆ. ‘ಅಮ್ಮ’ ಎನ್ನುವುದನ್ನು ಮತ್ತು ಒಂದೆರಡು ಶಬ್ದಗಳನ್ನು ಬಿಟ್ಟರೆ ಏನೂ ಮಾತನಾಡುವುದಿಲ್ಲ. ನೀರು ಬೇಕಾದರೆ ನನ್ನ ಕೈ ಹಿಡಿದು ಬಾಟಲಿಯ ಹತ್ತಿರ ಎಳೆದುಕೊಂಡು ಹೋಗುತ್ತಾನೆ. ಅವನ ತಾಯಿಗೆ ಒಮ್ಮೆ ಹೇಳಿದಾಗ, ‘ಅವರ ಅಪ್ಪನೂ ಮೂರು ವರ್ಷದವರೆಗೆ ಮಾತಾಡಿರಲಿಲ್ಲವಂತೆ ಮಿಸ್, ಗಂಡು ಮಕ್ಕಳಿಗೆ ಮಾತು ತಡ’ ಎಂದು ಹೇಳಿ ಹೊರಟುಬಿಟ್ಟರು. ಅಂದಿನಿಂದ ನನ್ನ ಜೊತೆ ಸರಿಯಾಗಿ ಮಾತನಾಡುತ್ತಿಲ್ಲ. ಮತ್ತೆ ಹೇಳಬಹುದೇ? ಹೇಳಿದರೆ ಎಲ್ಲಿಗೆ ಕಳುಹಿಸಬೇಕು?
— ಶಿಕ್ಷಕಿ, ಬಸವೇಶ್ವರನಗರ

ಉತ್ತರ: ಮತ್ತೆ ಹೇಳಲೇಬೇಕು. ನಿಮ್ಮ ಆತಂಕಕ್ಕೆ ಆಧಾರವಿದೆ. ಒಂದು ವರ್ಷದ ಹೊತ್ತಿಗೆ ಮಗು ‘ಬಾಬಾ’, ‘ದಾದಾ’ ಎಂದು ತೊದಲುತ್ತಾ, ಬೇಕಾದದ್ದನ್ನು ಬೆರಳು ಮಾಡಿ ತೋರಿಸತೊಡಗುತ್ತದೆ. ಒಂದೂವರೆ ವರ್ಷಕ್ಕೆ ಬಳಸುವ ಪದಗಳು ಕೆಲವಾದರೂ ಇರುತ್ತವೆ. ಎರಡು ವರ್ಷ ತುಂಬುವ ಹೊತ್ತಿಗೆ ಸುಮಾರು 50 ಪದಗಳಿದ್ದು, ‘ಅಪ್ಪ ಬಾ’, ‘ಹಾಲು ಬೇಕು’ ಎಂದು ಎರಡು ಪದಗಳನ್ನು ಜೋಡಿಸುವುದು ಶುರುವಾಗಿರುತ್ತದೆ. ಮಕ್ಕಳಲ್ಲಿ ಒಂದಿಷ್ಟು ಹಿಂದೆ ಮುಂದೆ ಇದ್ದೇ ಇರುತ್ತದೆ, ಆದರೆ ಎರಡೂವರೆ ದಾಟಿದ ಮೇಲೂ ಎರಡು ಪದಗಳ ಜೋಡಣೆ ಬಾರದಿದ್ದರೆ ತಜ್ಞರಿಗೆ ತೋರಿಸಬೇಕು. ಇದ್ದ ಮಾತು ಹೋಗಿಬಿಟ್ಟರಂತೂ, ಅದು ಯಾವ ವಯಸ್ಸಿನಲ್ಲೇ ಆಗಲಿ, ಒಂದು ವಾರವೂ ಕಾಯುವಂತಿಲ್ಲ.

‘ಗಂಡು ಮಕ್ಕಳಿಗೆ ಮಾತು ತಡ’ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಆ ಅಂತರ ಚಿಕ್ಕದು. ವರ್ಷಗಟ್ಟಲೆ ಕಾಯುವುದಕ್ಕೆ ಅದು ಕಾರಣವಾಗುವುದಿಲ್ಲ. ಅಪ್ಪನಿಗೂ ಮಾತು ತಡವಾಗಿತ್ತು ಎಂಬುದು ಹೆಚ್ಚಿನ ಮನೆಗಳಲ್ಲಿ ಸಮಾಧಾನದ ಮಾತಾಗಿ ಬರುತ್ತದೆ. ವೈದ್ಯಕೀಯವಾಗಿ ನೋಡಿದರೆ ಕುಟುಂಬದಲ್ಲಿ ಮಾತು ತಡವಾದವರಿರುವುದು ಮಗುವಿನ ಬಗ್ಗೆ ಇನ್ನಷ್ಟು ಎಚ್ಚರ ವಹಿಸಬೇಕೆಂದು ಹೇಳುವ ಸಂಗತಿ. ತಡವಾಗಿ ಮಾತು ಕಲಿತ ಎಷ್ಟೋ ಮಕ್ಕಳು ತಾವಾಗಿಯೇ ಓರಗೆಯವರ ಸಮಕ್ಕೆ ಬರುತ್ತಾರೆ ಎಂಬುದೂ ನಿಜವೇ. ಆದರೆ ಯಾವ ಮಗು ತಾನಾಗಿ ಬರುತ್ತದೆ, ಯಾವುದಕ್ಕೆ ನೆರವು ಬೇಕು ಎಂಬುದನ್ನು ಮನೆಯಲ್ಲಿ ಕುಳಿತು ಹೇಳಲು ಯಾರಿಂದಲೂ ಆಗದು. ಸುಮ್ಮನೆ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಾಗಿದೆ ಎಂದು ತಿಳಿದುಕೊಂಡು ಬಂದರೆ ಮಗುವಿಗೆ ನಷ್ಟವೇನಿಲ್ಲ. ಪರೀಕ್ಷೆಯೇ ಇಲ್ಲದೆ ಮೂರು, ನಾಲ್ಕು ವರ್ಷ ಕಳೆದರೆ, ಮೆದುಳು ಭಾಷೆಯನ್ನು ಅತ್ಯಂತ ಸಲೀಸಾಗಿ ಕಲಿಯುವ ಕಾಲ ಕೈತಪ್ಪಿ ಹೋಗಿರುತ್ತದೆ.

ಇನ್ನು ಹೇಳುವ ಬಗೆ. ಮಧ್ಯಾಹ್ನ ಗೇಟಿನ ಹತ್ತಿರ, ಉಳಿದ ತಾಯಂದಿರು ನಿಂತಿರುವಾಗ ಈ ವಿಷಯ ಎತ್ತಲೇಬೇಡಿ. ಒಂದು ಶನಿವಾರ, ಸಾಧ್ಯವಾದರೆ ಅಪ್ಪನನ್ನೂ ಬರಹೇಳಿ, ತರಗತಿಯಲ್ಲೇ ಕುಳಿತು ಮಾತನಾಡಿ. ಮೊದಲು ಹುಡುಗ ಚೆನ್ನಾಗಿ ಮಾಡುವುದನ್ನು ಹೇಳಿ. ಆಮೇಲೆ ನೀವು ಕಂಡದ್ದನ್ನಷ್ಟೇ ಹೇಳಿ: ‘ನೀರು ಬೇಕಾದಾಗ ನನ್ನ ಕೈ ಹಿಡಿದು ಬಾಟಲಿ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಮನೆಯಲ್ಲಿ ಹೇಗೆ ಕೇಳುತ್ತಾನೆ?’ ಎಂದು ಕೇಳಿ ಸುಮ್ಮನಾಗಿ. ತಾಯಿ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಹೆಚ್ಚಿನ ತಾಯಂದಿರಿಗೆ ಒಳಗೊಳಗೇ ಈ ಅಳುಕು ಇದ್ದೇ ಇರುತ್ತದೆ. ಅವರು ಮುಖ ತಿರುಗಿಸುವುದು ನಿಮ್ಮ ಮೇಲಿನ ಸಿಟ್ಟಿನಿಂದ ಅಲ್ಲ, ಭಯದಿಂದ. ‘ಆಟಿಸಂ’ (ಇತರರೊಂದಿಗೆ ಬೆರೆಯುವುದರಲ್ಲಿ, ಸಂವಹನದಲ್ಲಿ ತೊಡಕಿರುವ ಬೆಳವಣಿಗೆಯ ಸ್ಥಿತಿ) ಎಂಬ ಪದವನ್ನಾಗಲಿ, ಬೇರೆ ಯಾವುದೇ ಕಾಯಿಲೆಯ ಹೆಸರನ್ನಾಗಲಿ ನೀವು ಬಳಸಬೇಡಿ. ರೋಗ ಹೆಸರಿಸುವುದು ಶಿಕ್ಷಕರ ಕೆಲಸವಲ್ಲ. ಆ ಒಂದು ಪದ ಕಿವಿಗೆ ಬಿದ್ದ ಕ್ಷಣದಿಂದ ಮುಂದಿನ ಮಾತು ಯಾವುದೂ ಅವರಿಗೆ ಕೇಳಿಸುವುದೂ ಇಲ್ಲ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಮಗುವಿಗೆ ಮಾತು ಬಾರದಿದ್ದರೆ ನಮ್ಮ ಮನೆಗಳಲ್ಲಿ ಮೊದಲು ಬೆರಳು ಹೋಗುವುದು ತಾಯಿಯ ಕಡೆಗೆ: ಕೆಲಸಕ್ಕೆ ಹೋಗುತ್ತಾಳೆ, ಮಗುವಿನ ಜೊತೆ ಮಾತನಾಡುವುದಿಲ್ಲ, ಬಸುರಿಯಾಗಿದ್ದಾಗ ಅದು ಮಾಡಿದಳು, ಇದು ತಿಂದಳು ಎಂದು. ಶ್ರವಣದೋಷ, ಆಟಿಸಂ, ಭಾಷೆಯ ಬೆಳವಣಿಗೆಯಲ್ಲೇ ಇರುವ ತೊಡಕು, ಇವು ಯಾವುವೂ ತಾಯಿ ಕೆಲಸಕ್ಕೆ ಹೋಗುವುದರಿಂದ ಬರುವಂಥವಲ್ಲ. ಇಂಥ ಮಾತು ಕೇಳಿ ಕೇಳಿ ಬೇಸತ್ತ ತಾಯಿ ಮಗುವನ್ನು ತಜ್ಞರ ಬಳಿ ಕರೆದೊಯ್ಯುವುದಕ್ಕೇ ಹಿಂಜರಿಯುತ್ತಾಳೆ, ಅಲ್ಲೂ ತನ್ನನ್ನೇ ದೂರುತ್ತಾರೆಂದು. ನಿಮ್ಮ ಮಾತಿನಲ್ಲಿ ಅಂಥದ್ದರ ಸುಳಿವೂ ಇಲ್ಲದಂತೆ ನೋಡಿಕೊಳ್ಳಿ. ‘ಇದು ನೀವು ಮಾಡಿದ ತಪ್ಪಿನಿಂದ ಆದದ್ದಲ್ಲ’ ಎಂದು ಬಾಯಿಬಿಟ್ಟು ಹೇಳಿದರೆ ಇನ್ನೂ ಒಳ್ಳೆಯದು.

ಎಲ್ಲಿಗೆ ಕಳುಹಿಸಬೇಕು ಎಂದು ಕೇಳಿದ್ದೀರಿ. ಮೊದಲ ಹೆಜ್ಜೆ ಶ್ರವಣ ಪರೀಕ್ಷೆ, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಎಂಬುದರ ಪರೀಕ್ಷೆ. ‘ಕುಕ್ಕರ್ ಸೀಟಿ ಹೊಡೆದರೆ ತಿರುಗುತ್ತಾನೆ, ಪಟಾಕಿಗೆ ಬೆಚ್ಚುತ್ತಾನೆ, ಕಿವಿಗೇನಾಗಿದೆ?’ ಎಂದು ಎಲ್ಲರೂ ಕೇಳುತ್ತಾರೆ. ಜೋರು ಸದ್ದು ಕೇಳಿಸುವ ಮಗುವಿಗೂ ಮಾತಿನ ಸಣ್ಣ ದನಿಗಳು, ಅದರಲ್ಲೂ ಸ, ಶ, ತ, ಕದಂಥವು, ಸರಿಯಾಗಿ ಕೇಳಿಸದಿರಬಹುದು. ಓಎಇ ಎಂಬ ಪರೀಕ್ಷೆಯಲ್ಲಿ ಕಿವಿಯೊಳಗೆ ಪುಟ್ಟ ಸಾಧನವಿಟ್ಟು ಕೆಲವೇ ನಿಮಿಷಗಳಲ್ಲಿ ನೋಡುತ್ತಾರೆ. ಬೆರಾ ಎಂಬ ಪರೀಕ್ಷೆಗೆ ಹಣೆಯ ಮೇಲೆ, ಕಿವಿಯ ಹಿಂದೆ ಸಣ್ಣ ಬಿಲ್ಲೆಗಳನ್ನು ಅಂಟಿಸಿ, ಮಗು ನಿದ್ದೆಯಲ್ಲಿರುವಾಗ ಕಿವಿಗೆ ಸದ್ದು ಕೊಟ್ಟು, ಶ್ರವಣ ನರ ಮತ್ತು ಮಿದುಳಿನ ಕಾಂಡ ಆ ಸದ್ದಿಗೆ ಸ್ಪಂದಿಸುವುದನ್ನು ಅಳೆಯುತ್ತಾರೆ. ಎರಡರಲ್ಲೂ ಚುಚ್ಚುವುದಿಲ್ಲ, ನೋವಿಲ್ಲ. ಆ ದಿನ ಮಗುವನ್ನು ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಬಸ್ಸಿನಲ್ಲಿ ತೂಕಡಿಸಲು ಬಿಡದೆ ಕರೆತಂದರೆ ಪರೀಕ್ಷೆಯ ಹೊತ್ತಿಗೆ ಚೆನ್ನಾಗಿ ನಿದ್ದೆ ಹೋಗುತ್ತದೆ. ಇದನ್ನು ತಿಳಿಯದೆ ಬಂದು ವಾಪಸಾಗುವವರು ಅನೇಕರು.

ಶ್ರವಣ ಪರೀಕ್ಷೆ ಮತ್ತು ಮಾತಿನ ಮೌಲ್ಯಮಾಪನ ಎರಡೂ ಒಂದೇ ಸೂರಿನಡಿ ಆಗುವ ಜಾಗಗಳು ಬೆಂಗಳೂರಿನಲ್ಲಿವೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ. ನಿಮ್ಹಾನ್ಸ್ ಎಂದ ಕೂಡಲೇ ‘ಹುಚ್ಚಾಸ್ಪತ್ರೆ’ ಎಂದು ಅಜ್ಜಿಯರು ಹೌಹಾರುವುದುಂಟು; ಮಾತಿನ ತೊಂದರೆಗೆ ಬರುವ ಮಕ್ಕಳನ್ನು ನೋಡುವುದು ಪ್ರತ್ಯೇಕ ವಿಭಾಗ ಎಂಬುದನ್ನು ಮೊದಲೇ ತಿಳಿಸಿ. ಹೆಣ್ಣೂರು ರಸ್ತೆಯ ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ದೊಡ್ಡ ಆಸ್ಪತ್ರೆಗಳ ಕಿವಿ, ಮೂಗು, ಗಂಟಲು ವಿಭಾಗಗಳಲ್ಲೂ ಶ್ರವಣ ತಜ್ಞರಿರುತ್ತಾರೆ. ಮೈಸೂರಿಗೆ ಹೋಗಿಬರಲು ಸಾಧ್ಯವಿರುವವರಿಗೆ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದ ಈ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಕಲಿತು ಬಂದವರೇ ನಾಡಿನ ಮೂಲೆ ಮೂಲೆಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಮನೆಗೆ ಹತ್ತಿರವಿರುವ ಖಾಸಗಿ ಕೇಂದ್ರಕ್ಕೆ ಹೋಗುವುದಾದರೆ, ಚಿಕಿತ್ಸಕರು ಬಿ.ಎ.ಎಸ್.ಎಲ್.ಪಿ. (ವಾಕ್ ಮತ್ತು ಶ್ರವಣ ವಿಷಯದ ಪದವಿ) ಅಥವಾ ಅದಕ್ಕಿಂತ ಮೇಲಿನ ಪದವಿ ಪಡೆದಿದ್ದಾರೆಯೇ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿಯಾಗಿದ್ದಾರೆಯೇ ಎಂದು ಹೆತ್ತವರು ಸಂಕೋಚವಿಲ್ಲದೆ ಕೇಳಲಿ. ನೋಂದಣಿ ಸಂಖ್ಯೆ ಇದ್ದವರು ಅದನ್ನು ತೋರಿಸಲು ಹಿಂದೆಮುಂದೆ ನೋಡುವುದಿಲ್ಲ. ಫಲಕ ಹಾಕಿಕೊಂಡು, ಕೆಲವೇ ತಿಂಗಳಲ್ಲಿ ಮಾತು ಬರಿಸುತ್ತೇವೆಂದು ಭರವಸೆ ಕೊಟ್ಟು, ಪ್ಯಾಕೇಜಿನ ಹಣ ಮುಂಗಡವಾಗಿ ಕೇಳುವ ಕಡೆಗೆ ಹೋಗದಿರುವುದೇ ಕ್ಷೇಮ.

ಚಿಕಿತ್ಸೆ ಆರಂಭವಾದ ಮೇಲೆ ಒಂದು ತೊಡಕು ಬರುತ್ತದೆ. ಮುಂಚೆಯೇ ಹೇಳಿದರೆ ಹೆತ್ತವರು ಎದೆಗುಂದುವುದಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಮಗುವನ್ನು ಕೂರಿಸಿ ‘ಹೇಳು, ಹೇಳು’ ಎಂದು ಕಲಿಸುತ್ತಾರೆಂದು ಅವರು ಊಹಿಸಿರುತ್ತಾರೆ. ಹೋಗಿ ನೋಡಿದರೆ ಚಿಕಿತ್ಸಕರು ನೆಲದ ಮೇಲೆ ಕುಳಿತು ಸೋಪಿನ ಗುಳ್ಳೆ ಊದುತ್ತಿರುತ್ತಾರೆ. ನಾಲ್ಕು ಸಲ ಊದಿ, ಐದನೆಯ ಸಲ ಕಡ್ಡಿಯನ್ನು ಬಾಯಿಯ ಹತ್ತಿರ ಹಿಡಿದು ಸುಮ್ಮನಾಗುತ್ತಾರೆ. ಮಗು ಗುಳ್ಳೆ ಬರಲಿಲ್ಲವೆಂದು ಕಡ್ಡಿ ನೋಡುತ್ತದೆ, ಆಮೇಲೆ ಅವರ ಮುಖ ನೋಡುತ್ತದೆ, ‘ಊ’ ಎನ್ನುತ್ತದೆ. ಆ ‘ಊ’ ಬಂದ ತಕ್ಷಣ ‘ಊದು! ಗುಳ್ಳೆ ಊದು!’ ಎಂದು ಅವರು ಮತ್ತೆ ಊದುತ್ತಾರೆ. ಹೊರಗೆ ಕುಳಿತವರಿಗೆ ಇದು ಬರೀ ಆಟ, ‘ಇದಕ್ಕೆ ಇಷ್ಟು ದುಡ್ಡೇ?’ ಎನ್ನಿಸುವುದು ಸಹಜ. ಆದರೆ ತನ್ನ ದನಿಯಿಂದ ಎದುರಿನವರಲ್ಲಿ ಏನೋ ನಡೆಯುತ್ತದೆ ಎಂದು ಮಗು ಅರಿತುಕೊಂಡದ್ದು ಆ ಗಳಿಗೆಯಲ್ಲಿ. ಸಾಧ್ಯವಾದರೆ ಅಪ್ಪ ಅಥವಾ ಅಮ್ಮ ಒಳಗೇ ಕುಳಿತು ನೋಡಲಿ, ಮನೆಯಲ್ಲಿ ಹಾಗೆಯೇ ಮಾಡಲಿ. ವಾರಕ್ಕೆ ಒಂದೆರಡು ಸಲ ಮುಕ್ಕಾಲು ಗಂಟೆ ಚಿಕಿತ್ಸಕರ ಜೊತೆ ಕಳೆಯುವ ಮಗು ಉಳಿದ ಹೊತ್ತೆಲ್ಲ ಇರುವುದು ಮನೆಯಲ್ಲಿ ಮತ್ತು ನಿಮ್ಮ ತರಗತಿಯಲ್ಲಿ.

ನಿಮ್ಮಿಂದಾಗುವುದೂ ಬಹಳ ಇದೆ. ಹುಡುಗ ಬಾಟಲಿಯ ಹತ್ತಿರ ನಿಮ್ಮನ್ನು ಎಳೆದೊಯ್ದಾಗ ತಕ್ಷಣ ಕೊಟ್ಟುಬಿಡದೆ, ‘ನೀರು’ ಎಂದು ಹೇಳಿ, ಅವನ ಕಣ್ಣಿನ ಮಟ್ಟಕ್ಕೆ ಬಗ್ಗಿ, ಒಂದೈದು ಎಣಿಸುವಷ್ಟು ಹೊತ್ತು ಕಾಯಿರಿ. ಅವನು ‘ನೀ’ ಎಂದರೂ ಸಾಕು, ಬರೀ ನಿಮ್ಮ ಮುಖ ನೋಡಿದರೂ ಸಾಕು, ಕೊಡಿ. ಬಾಯಲ್ಲಿ ಹೇಳುವವರೆಗೂ ನೀರು ಕೊಡುವುದಿಲ್ಲ ಎಂದು ಹಟ ಹಿಡಿಯುವುದು ಮಾತ್ರ ಬೇಡ. ಮಗುವಿನ ಬಾಯಿ ತೆರೆಸಲು ಇದೊಂದು ಉಪಾಯವೆಂದು ಬಹಳ ಮಂದಿ ನಂಬಿದ್ದಾರೆ. ಅದರಿಂದ ಅಳು ಹೆಚ್ಚುತ್ತದೆ, ಮಾತು ಹೆಚ್ಚುವುದಿಲ್ಲ. ಜೊತೆಗೆ, ತರಗತಿಯಲ್ಲಿ ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಹೆತ್ತವರ ಕೈಗೆ ಕೊಡಿ. ತಜ್ಞರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನನ್ನ ತಂಗಿಯ ಮಗಳಿಗೆ ಎರಡು ವರ್ಷ ಮೂರು ತಿಂಗಳು. ತಂಗಿ, ಭಾವ ಇಬ್ಬರೂ ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಮನೆಯಲ್ಲಿ ಕನ್ನಡ, ಭಾವನ ಕಡೆಯವರು ಬಂದರೆ ತೆಲುಗು, ಮಗು ನೋಡಿಕೊಳ್ಳುವಾಕೆ ಹಿಂದಿ. ಮಗು ಮೊಬೈಲಿನಲ್ಲಿ ನೋಡಿ ಎ ಬಿ ಸಿ ಡಿ ಪೂರ್ತಿ ಹೇಳುತ್ತದೆ, ಬಣ್ಣಗಳ ಹೆಸರೂ ಹೇಳುತ್ತದೆ, ಆದರೆ ಅಮ್ಮನನ್ನು ‘ಅಮ್ಮ’ ಎಂದು ಕರೆಯುವುದಿಲ್ಲ. ಭಾಷೆ ಹೆಚ್ಚಾಗಿ ಗೊಂದಲವಾಗಿದೆ, ಕನ್ನಡ ಬಿಟ್ಟು ಇಂಗ್ಲಿಷ್ ಒಂದನ್ನೇ ಆಡಿ ಎಂದು ಯಾರೋ ಹೇಳಿದ್ದಾರಂತೆ, ಹಾಗೆಯೇ ಮಾಡುತ್ತಿದ್ದಾರೆ. ಇದು ಸರಿಯೇ?
— ಸೋದರಮಾವ, ಹೆಬ್ಬಾಳ

ಉತ್ತರ: ಸರಿಯಲ್ಲ. ಎರಡು, ಮೂರು ಭಾಷೆ ಕಿವಿಗೆ ಬೀಳುವುದರಿಂದ ಮಗುವಿಗೆ ಮಾತು ತಡವಾಗುವುದಿಲ್ಲ. ಬೆಂಗಳೂರಿನಲ್ಲಿ ಕನ್ನಡದ ಜೊತೆ ತೆಲುಗು, ತಮಿಳು, ಉರ್ದು ಕೇಳುತ್ತಲೇ ಬೆಳೆದ ತಲೆಮಾರುಗಳು ನಮ್ಮ ಕಣ್ಣೆದುರಿಗಿವೆ. ಮಗುವಿನ ಪದಗಳನ್ನು ಲೆಕ್ಕ ಹಾಕುವಾಗ ಎಲ್ಲ ಭಾಷೆಗಳವನ್ನೂ ಕೂಡಿಸಬೇಕು. ‘ನೀರು’, ‘ಪಾನಿ’ ಎರಡೂ ಬಂದರೆ ಎರಡನ್ನೂ ಎಣಿಸಬಹುದು. ತಂಗಿಗೆ ಸಹಜವಾಗಿ ಬರುವ, ಮುದ್ದು ಮಾಡುವಾಗ, ಗದರುವಾಗ ತಾನಾಗಿ ಬಾಯಿಗೆ ಬರುವ ಭಾಷೆಯಲ್ಲೇ ಅವರು ಮಗುವಿನ ಜೊತೆ ಮಾತನಾಡಲಿ. ಕನ್ನಡ ಬಿಡಿಸಿದರೆ ಮಗು ಅಜ್ಜಿ ತಾತಂದಿರ ಮಾತಿನಿಂದಲೂ ದೂರವಾಗುತ್ತದೆ, ಕೇಳಿಸಿಕೊಳ್ಳುವ ಮಾತೇ ಕಡಿಮೆಯಾಗುತ್ತದೆ.

ನನಗೆ ಹೆಚ್ಚು ಯೋಚನೆ ಹಚ್ಚಿದ್ದು ನೀವು ಬರೆದ ಇನ್ನೊಂದು ಸಂಗತಿ. ಎ ಬಿ ಸಿ ಡಿ ಒಪ್ಪಿಸುವುದು ಮತ್ತು ಬೇಕಾದವರನ್ನು ಕರೆಯುವುದು ಬೇರೆ ಬೇರೆ ಸಾಮರ್ಥ್ಯಗಳು. ಕೇಳಿದ್ದನ್ನು ಹಾಗೆಯೇ ಹೇಳಬಲ್ಲ ಮಗು, ಮಾತನ್ನು ಇನ್ನೊಬ್ಬರ ಜೊತೆ ಬೆರೆಯಲು ಬಳಸದಿದ್ದರೆ ಅದನ್ನು ತಜ್ಞರು ನೋಡಬೇಕು. ಹೆಸರು ಹಿಡಿದು ಕರೆದರೆ ತಿರುಗುತ್ತಾಳೆಯೇ, ವಿಮಾನ ಕಂಡರೆ ಬೆರಳು ಮಾಡಿ ನಿಮಗೆ ತೋರಿಸುತ್ತಾಳೆಯೇ, ಆಟಿಕೆ ತಂದು ತೋರಿಸಿ ಮುಖ ನೋಡಿ ನಗುತ್ತಾಳೆಯೇ ಎಂಬುದನ್ನು ನೀವು ಹೋದಾಗ ಗಮನಿಸಿ. 16ರಿಂದ 30 ತಿಂಗಳೊಳಗಿನ ಮಕ್ಕಳಿಗೆಂದೇ ಆಟಿಸಂನ ಸುಳಿವುಗಳಿವೆಯೇ ಎಂದು ನೋಡುವ ಎಂ-ಚಾಟ್ ಎಂಬ ಪ್ರಶ್ನಾವಳಿ ಇದೆ. ಮಕ್ಕಳ ವೈದ್ಯರು ಅದನ್ನು ಹೆತ್ತವರಿಂದ ಕೇಳಿ ತುಂಬಿಸುತ್ತಾರೆ. ಅದು ರೋಗನಿರ್ಣಯವಲ್ಲ, ಮುಂದೆ ವಿವರವಾಗಿ ನೋಡಬೇಕೇ ಎಂದು ತಿಳಿಯುವ ಸಾಧನ ಮಾತ್ರ. ಮುಂದಿನ ಲಸಿಕೆಗೆಂದು ಕಾಯದೆ, ಇದಕ್ಕಾಗಿಯೇ ಸಮಯ ಕೇಳಿ ಹೋಗಲಿ.

ಮೊಬೈಲಿನ ವಿಷಯ: ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದೂ ದೊಡ್ಡವರ ಜೊತೆ ಕುಳಿತು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಪರದೆ ಮಗುವಿನ ಮಾತಿಗೆ ಕಾಯುವುದಿಲ್ಲ, ತಿರುಗಿ ಉತ್ತರಿಸುವುದೂ ಇಲ್ಲ. ಹಾಗೆಂದು ಮೊಬೈಲ್ ಕಿತ್ತುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಪರೀಕ್ಷೆಯನ್ನು ಮುಂದೂಡುವುದೂ ತಪ್ಪು. ಎರಡೂ ಒಟ್ಟಿಗೆ ನಡೆಯಲಿ.

ತಂಗಿಗೆ ಹೇಳುವಾಗ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊಗಳನ್ನು ಕಳುಹಿಸುವುದು ಬೇಡ. ಅಣ್ಣನಾಗಿ ನೀವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಕೆಲಸ ಹಂಚಿಕೊಳ್ಳುವುದು: ಸಮಯ ಗೊತ್ತುಮಾಡಿ ಕೊಡಿ, ಆ ದಿನ ಜೊತೆಗೆ ಹೋಗಿ, ಮಗು ಮನೆಯಲ್ಲಿ ಆಡುವ, ಊಟ ಮಾಡುವ ಒಂದೆರಡು ನಿಮಿಷದ ವಿಡಿಯೊ ಮಾಡಿಟ್ಟುಕೊಳ್ಳಿ. ಅಪರಿಚಿತ ಕೋಣೆಯಲ್ಲಿ ಮಗು ಮುದುಡಿ ಕುಳಿತಾಗ ತಜ್ಞರಿಗೆ ಆ ವಿಡಿಯೊ ನೆರವಾಗುತ್ತದೆ. ಮೊದಲ ಭೇಟಿಗೆ ಸರದಿ ದೂರವಿದ್ದರೆ ಹೆಸರು ಬರೆಸಿಟ್ಟು, ಅಷ್ಟರೊಳಗೆ ಶ್ರವಣ ಪರೀಕ್ಷೆ ಮುಗಿಸಿಕೊಳ್ಳಿ. ಆಟಿಸಂ ಇದೆ ಎಂದೇ ಮುಂದೆ ಖಚಿತವಾದರೂ ನೆರವಿನ ದಾರಿಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ಅದೂ ಸೇರಿದೆ; ಅಂಗವೈಕಲ್ಯ ಪ್ರಮಾಣಪತ್ರ ಪಡೆದವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವೆಚ್ಚಕ್ಕೆ ಅವಕಾಶವಿದ್ದು, ಥೆರಪಿಯ ಖರ್ಚೂ ಅದರಲ್ಲಿ ಬರುತ್ತದೆ. ಚಿಕಿತ್ಸೆ ಆರಂಭಿಸಲು ಮಾತ್ರ ಯಾವ ಪ್ರಮಾಣಪತ್ರವೂ ಬೇಡ.

ಪ್ರಶ್ನೆ: ನಮ್ಮ ಪಕ್ಕದ ಮನೆಯ ಹುಡುಗಿಗೆ ಮೂರು ವರ್ಷ. ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ತಂದೆ ಆಟೊ ಓಡಿಸುತ್ತಾರೆ, ಅಜ್ಜಿ ನೋಡಿಕೊಳ್ಳುತ್ತಾರೆ. ಮಗು ಸನ್ನೆಯಲ್ಲೇ ಎಲ್ಲ ಹೇಳುತ್ತದೆ, ಬಹಳ ಚುರುಕು, ಹಿಂದಿನಿಂದ ಕರೆದರೆ ಮಾತ್ರ ತಿರುಗುವುದಿಲ್ಲ. ಆಗಾಗ ನೆಗಡಿ, ಕಿವಿ ಸೋರುತ್ತದೆ. ಅಜ್ಜಿ ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ನಾಲಿಗೆಯ ಕೆಳಗಿನ ನರ ಕತ್ತರಿಸಿದರೆ ಮಾತು ಬರುತ್ತದೆಂದೂ ಯಾರೋ ಹೇಳಿದ್ದಾರೆ. ಖರ್ಚಿಗೆ ಹೆದರಿ ಆಸ್ಪತ್ರೆಗೆ ಹೋಗುತ್ತಿಲ್ಲ.
— ನೆರೆಯವರು, ಪೀಣ್ಯ

ಉತ್ತರ: ಈ ಮೂರು ಪತ್ರಗಳಲ್ಲಿ ಎಲ್ಲಕ್ಕಿಂತ ಬೇಗ ಕ್ರಮ ಕೈಗೊಳ್ಳಬೇಕಾದದ್ದು ಇದು. ಹಿಂದಿನಿಂದ ಕರೆದರೆ ತಿರುಗದ, ಕಿವಿ ಸೋರುವ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ತಪಾಸಣೆ. ಕಿವಿಯಲ್ಲಿ ಸೋಂಕು ನಿಂತಿದ್ದರೆ, ತಮಟೆಯಲ್ಲಿ ತೂತಾಗಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ಒಳಗಿವಿಯ ದೋಷವಾಗಿದ್ದರೆ ಶ್ರವಣ ಸಾಧನ ಮತ್ತಿತರ ಉಪಾಯಗಳಿವೆ. ಕೇಳಿಸದ ಮಗುವಿಗೆ ಎಷ್ಟು ಮಾತು ಕಲಿಸಿದರೂ ಅದು ತಲುಪುವುದಿಲ್ಲವಾದ್ದರಿಂದ ಸ್ಪೀಚ್ ಥೆರಪಿ ಆಮೇಲಿನ ಮಾತು.

ನಾಲಿಗೆ ಕತ್ತರಿಸುವ ಮಾತು ಬರುವುದು ನಾಲಿಗೆ ಕಟ್ಟಿನಿಂದ, ಅಂದರೆ ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿರುವುದರಿಂದ. ಅದು ಇದ್ದರೆ ಕೆಲವು ಮಕ್ಕಳಿಗೆ ಎಳೆತನದಲ್ಲಿ ಹಾಲು ಕುಡಿಯುವುದು ಕಷ್ಟವಾಗಬಹುದು, ಮುಂದೆ ಒಂದೆರಡು ಅಕ್ಷರಗಳ ಉಚ್ಚಾರಣೆ ಅಸ್ಪಷ್ಟವಾಗಬಹುದು. ಮಾತೇ ಬಾರದಿರುವುದಕ್ಕೆ ಅದು ಕಾರಣವಲ್ಲ. ವೈದ್ಯರು ನೋಡದೆ ಕತ್ತರಿಸುವ ಮಾತು ಬೇಡ. ಬಜೆಯ ವಿಷಯದಲ್ಲಿ ಅಜ್ಜಿಯ ಮನಸ್ಸು ನೋಯಿಸಬೇಡಿ. ಮೊಮ್ಮಗಳಿಗೆ ಮಾತು ಬರಲೆಂದು ಅವರು ತಮಗೆ ತಿಳಿದದ್ದನ್ನು ಮಾಡುತ್ತಿದ್ದಾರೆ. ಆದರೆ ಅದು ಹೆಚ್ಚಾದರೆ ವಾಂತಿಯಾಗುತ್ತದೆ, ಕಿವಿಯ ದೋಷಕ್ಕೆ ಅದರಿಂದ ಏನೂ ಆಗದು. ದಿನಾ ಹಚ್ಚುವುದು ನಿಲ್ಲಲಿ. ಈ ಮಾತನ್ನು ನೀವು ಹೇಳುವುದಕ್ಕಿಂತ ವೈದ್ಯರ ಬಾಯಿಂದ ಅವರು ಕೇಳುವಂತೆ, ಆಸ್ಪತ್ರೆಗೆ ಅವರನ್ನೂ ಕರೆದೊಯ್ಯಿರಿ. ಹಗಲೆಲ್ಲ ಮಗುವಿನ ಜೊತೆ ಇರುವವರು ಅವರೇ ಆದ್ದರಿಂದ, ಮುಂದೆ ಮನೆಯಲ್ಲಿ ಮಾಡಬೇಕಾದ ಅಭ್ಯಾಸವನ್ನು ಕಲಿಯಬೇಕಾದವರೂ ಅವರೇ.

ಖರ್ಚಿನ ಬಗ್ಗೆ: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂಬ ಸರ್ಕಾರಿ ಯೋಜನೆ 2013ರಿಂದ ಇದೆ. ಅದರ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಶ್ರವಣದೋಷ, ಮಾತಿನ ತಡ ಎರಡೂ ಆ ತಪಾಸಣೆಯ ಪಟ್ಟಿಯಲ್ಲಿವೆ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಅಲ್ಲಿಂದ ಮುಂದಿನ ಚಿಕಿತ್ಸೆಯೂ ಉಚಿತ. ಮಗು ಅಂಗನವಾಡಿಗೆ ಹೋಗುತ್ತಿದ್ದರೆ ಕಾರ್ಯಕರ್ತೆಗೆ, ಹೋಗದಿದ್ದರೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಿ, ಹೆಸರು ಬರೆಸಿ. ಆದರೆ ತಂಡ ಬರುವವರೆಗೆ ಕಾಯುವುದು ಬೇಡ. ನಿಮಗೆ ಹತ್ತಿರದ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಈ ವಾರವೇ ಕರೆದೊಯ್ಯಿರಿ. ಪಡಿತರ ಚೀಟಿ, ಆಧಾರ್, ಮಗುವಿನ ತಾಯಿ ಕಾರ್ಡ್ ಜೊತೆಗಿರಲಿ. ತಾಯಿಗೆ ರಜೆ ಸಿಗದಿದ್ದರೆ ಅಪ್ಪ, ಅಜ್ಜಿ ಹೋದರೂ ಸಾಕು. ಅಲ್ಲಿಗೆ ಹೋಗುವವರೆಗೆ ಸೋರುವ ಕಿವಿಗೆ ಎಣ್ಣೆ ಬಿಡಬೇಡಿ, ಬಡ್ಸ್ ಹಾಕಿ ಒಳಗೆ ಒರೆಸಬೇಡಿ, ತಲೆಗೆ ಸ್ನಾನ ಮಾಡಿಸುವಾಗ ಕಿವಿಯೊಳಗೆ ನೀರು ಹೋಗದಂತೆ ನೋಡಿಕೊಳ್ಳಿ. ಎಂದಿನಿಂದ ಸೋರುತ್ತಿದೆ, ಒಂದು ಕಿವಿಯೋ ಎರಡೋ, ಹಿಂದೆ ಯಾವ ಔಷಧಿ ಕೊಟ್ಟಿದ್ದರು ಎಂಬುದನ್ನು ಅಜ್ಜಿಯನ್ನು ಕೇಳಿ ಬರೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳು ಅವೇ.